ಅಲುಗಿದರೆ ಹತ್ತು

ಲಿಲೋ ಸಂತೆಯಿಂದ ತಂದ ಬೋರ್ಡು, ಅಂಗೈಗಿಂತ ಚಿಕ್ಕದು.
ಸೆನ್ಸರಿನ ಬಿಳಿ ಗುಮ್ಮಟ, ಪಿಂಗ್‌ಪಾಂಗ್ ಚೆಂಡಿನ ಅರ್ಧ ಹೋಳು.
ಕೆಂಪು, ಕಪ್ಪು, ಹಳದಿ, ಮೂರೇ ತಂತಿ.
ರುಸ್ತಾವಿಯ ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಬೆಸುಗೆ ಹಾಕಿದ ಕೈ
ಅಕ್ಕಿಕಾಳಿನಷ್ಟು ಸೀಸಕ್ಕೆ ನಡುಗಿತು.

ಬರೆದದ್ದು ಇಷ್ಟೆ:
ಅಲುಗಿದರೆ ಹತ್ತು,
ಇಪ್ಪತ್ತೆಣಿಸಿ ಆರು.

ಹಲ್ವಾ ಡಬ್ಬಿಯೊಳಗೆ ಕೂರಿಸಿ ಕಾರಿಡಾರಿನ ಮೂಲೆಗೆ ಹೊಡೆದೆ.
ಹಳೆಯ ಸ್ವಿಚ್ಚಿನ ಸುತ್ತ
ತಡಕಾಡಿದ ಬೆರಳುಗಳ ಮಸಿ ಹಾಗೇ ಇತ್ತು.

ನಾನು ನಡೆದೆ. ಟಿಕ್, ಬೆಳಕು.
ಮಗಳು ತೇಕ್ಲಾ ಕುಣಿದಳು. ಟಿಕ್.
ಬೆಕ್ಕೂ ತನ್ನ ಪಾಲಿನ ದೀಪ ಹಚ್ಚಿಕೊಂಡಿತು.
ತ್ಸಿಯಾಲಾ ಅತ್ತೆ ನಡೆದರು. ಕತ್ತಲು.
ಇನ್ನೊಮ್ಮೆ ನಡೆದರು. ಕತ್ತಲೇ.
"ನಿನ್ನ ಯಂತ್ರದ ಲೆಕ್ಕದಲ್ಲಿ ನಾನಾಗಲೇ ಹೋಗಿಯಾಯಿತು, ಝೌರಿ,"
ಅಂದು ನಕ್ಕರು. ನನಗೆ ನಗು ಬರಲಿಲ್ಲ.

ತಂತಿ ಬದಲಿಸಿದೆ, ಸಾಲು ತಿದ್ದಿದೆ.
ತಪ್ಪು ಅಲ್ಲಿರಲಿಲ್ಲ.
ಆ ರಾತ್ರಿ ಬಾಗಿಲ ಸಂದಿಯಿಂದ ಕಂಡೆ:
ಬಲಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದು
ಇಲ್ಲದ ಏನನ್ನೋ ಗಾಳಿಗೆ ಮರೆಮಾಡಿ
ನೆಲ ಸವರುವಂತೆ ಬರುತ್ತಿದ್ದರು.

ತೊಂಬತ್ತೆರಡು, ತೊಂಬತ್ತಮೂರು.
ಊರಿಗೆ ಊರೇ ಕರೆಂಟಿಲ್ಲದ ಚಳಿಗಾಲ.
ಮನೆಗೊಂದೇ ಮೇಣದಬತ್ತಿ.
ಮಗು ಕೆಮ್ಮುವ ಕೋಣೆಯವರೆಗೆ ಅದನ್ನು ಆರಗೊಡದೆ ಒಯ್ಯಲು
ಗಾಳಿಗೂ ಸುಳಿವು ಕೊಡದ ನಡಿಗೆ ಕಲಿತವರು.
ಈ ಗುಮ್ಮಟಕ್ಕೆ ಹೇಗೆ ತಿಳಿಯಬೇಕು ಅದು?

ಬೋರ್ಡಿನ ತಿರುಪನ್ನು ಕೊನೆಮುಟ್ಟ ತಿರುಗಿಸಿದೆ.
ಆಗ ಹೀಟರಿನ ಬಿಸಿಯುಸಿರಿಗೂ ದೀಪ, ಪರದೆ ಸರಿದರೂ ದೀಪ,
ರಾತ್ರಿಯಿಡೀ ಯಾರೂ ಇಲ್ಲದ ಕಾರಿಡಾರಿನಲ್ಲಿ
ಟಿಕ್. ಟಿಕ್.
"ಯಾರೋ ಬಂದರು, ಎದ್ದು ನೋಡೋ,"
ಅತ್ತೆಗೆ ನಿದ್ದೆಯಿಲ್ಲ, ನನಗೂ ಇಲ್ಲ.
ತಿರುಪು ಮತ್ತೆ ಹಿಂದಕ್ಕೆ ಬಂತು.

ಬೇಗ ನಡೆಯಿರಿ ಎಂದು
ಯಾವ ಬಾಯಲ್ಲಿ ಹೇಳಲಿ?

ಕೊನೆಗೆ ಅವರೇ ದಾರಿ ಕಂಡುಕೊಂಡರು.
ಹೊಸ್ತಿಲಲ್ಲಿ ನಿಂತು, ಎಡಗೈ ಎತ್ತಿ
ತ್ಬಿಲಿಸಿಯ ಮಿನಿಬಸ್ಸನ್ನು ರಸ್ತೆಬದಿಯಲ್ಲಿ ತಡೆಯುವ ಹಾಗೆ
ಒಮ್ಮೆ ಜೋರಾಗಿ ಬೀಸುತ್ತಾರೆ.
ಟಿಕ್.
ಬೆಳಕು ನಿಲ್ಲುತ್ತದೆ, ಅತ್ತೆ ಹತ್ತುತ್ತಾರೆ,
ಬಲಗೈ ಎದೆಯ ಮುಂದಿನಿಂದ ಇಳಿಯುವುದಿಲ್ಲ.

ಇಪ್ಪತ್ತನ್ನು ಅಳಿಸಿ ಅರವತ್ತು ಎಂದು ಬರೆದಿದ್ದೇನೆ.
ಅವರಿಗೆ ಹೇಳಿಲ್ಲ.