ಹದಿನೇಳನೆಯ ಬಕೆಟ್ಟು

ಕಾಮಾಕ್ಷಿಪಾಳ್ಯದ ಮೂರನೇ ಮಹಡಿಯ ಮೇಲೆ
ಪೇಂಟಿನ ಹಳೇ ಬಕೆಟ್ಟು ಹದಿನೇಳು.
ಓನರ್ ಗಂಗಹನುಮಯ್ಯ ಬಾಡಿಗೆ ಎಣಿಸಿ
ಅವನ್ನೂ ಎಣಿಸುತ್ತಿದ್ದರು:
‘ತಾರಸಿ ಸೋರಿದರೆ ನಿಮ್ಮ ಲೆಕ್ಕ.’

ಅಕ್ಕಿ ತೊಳೆದ ನೀರು, ಟೀ ಚರಟ.
ಲೇತು ಬಿಟ್ಟು ಬಂದವನು ಕೈಯ ಎಣ್ಣೆ ತೊಳೆದು
ಬೆರಳಿಟ್ಟು ನೋಡುವ ಮಣ್ಣು.
ಹರಿವೆ ಬಂತು.
ಕನಕಾಂಬರ ಬಂತು, ಮಗಳ ಜಡೆಗೆ
ನಾಲ್ಕು ಬೆರಳಿನಷ್ಟು.
ಬದನೆ ಮಾತ್ರ ಹೂ ಬಿಟ್ಟು ಬಿಟ್ಟು ಉದುರಿಸಿತು.
ಬಸಳೆ, ಹೇಳದೆ ಕೇಳದೆ,
ಓನರ ಡಿಶ್ಶಿನ ವೈರು ಹಿಡಿದು
ನೆತ್ತಿಗೇರಿ ಕೂತಿತು.

ಮನೆ ಬಿಡುವ ದಿನ ಕೆಳಗೆ ಟೆಂಪೋ ಹಾರನ್ನು.
ಹದಿನಾರು ಇಳಿದವು.
ಹದಿನೇಳನೆಯದರ ಮುಂದೆ ಕುಡುಗೋಲು ಹಿಡಿದು ನಿಂತೆ.
ಬಳ್ಳಿ ಎಳೆದರೆ ವೈರು ಬರುತ್ತೆ,
ವೈರು ಬಿಡಿಸಿದರೆ ಬಳ್ಳಿ ಬರಲ್ಲ.
ಕುಡುಗೋಲು ಟೆಂಪೋಗೆ ಹಾಕಿದೆ.
ಅಡ್ವಾನ್ಸಿನಲ್ಲಿ ಮುನ್ನೂರು ಹಿಡಿದುಕೊಂಡರು.

ಸುಂಕದಕಟ್ಟೆಗೆ ಬಂದು ಎರಡು ತಿಂಗಳು.
ನಿನ್ನೆ ರಾತ್ರಿ ಫೋನು:
‘ಮಳೆ ಬಂದ್ರೆ ಟೀವಿ ನಿಂತುಹೋಗುತ್ತಲ್ಲಪ್ಪ,
ಎಲ್ಲಾ ನಿಮ್ಮ ಬಳ್ಳಿ ದೆಸೆಯಿಂದ.’
ನಾನು ಮಾತಾಡಲಿಲ್ಲ. ಅವರೂ.
ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.
ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ,
‘ಇದಕ್ಕೆ ತೊಗರಿಬೇಳೆ ಹಾಕ್ತಿದ್ರೋ,
ಹೆಸರುಬೇಳೆಯೋ?’