ಹೆಸಲ್ ರೋಡಿನಲ್ಲಿ ಸಾಲಾವಳಿ

ನನ್ನ ಮದುವೆಗೂ ಇಷ್ಟು ನೋಡಿರಲಿಲ್ಲ.
ದೊಡ್ಡಮ್ಮ ಪಂಚಾಂಗ ಮಡಿಸಿಟ್ಟು,
ಮೂವತ್ತಾರಕ್ಕೆ ಇಪ್ಪತ್ತೆರಡು ಕೂಡಿದೆ, ಸಾಕು ಬಿಡೇ,
ಉಳಿದದ್ದು ಅನುಸರಿಸಿಕೋ ಅಂದಿದ್ದಳು.
ಹನ್ನೊಂದು ವರ್ಷ ಅನುಸರಿಸಿಕೊಂಡೆ.

ಈಗ ಹಲ್ ಊರಿನ ಹೆಸಲ್ ರೋಡಿನಲ್ಲಿ,
ಮೊದಲು ಮೀನಿನಂಗಡಿಯಾಗಿದ್ದು ಆ ವಾಸನೆ ಇನ್ನೂ ಬಿಡದ ಕೋಣೆಯಲ್ಲಿ,
ಹಳೇ ಲ್ಯಾಪ್‌ಟಾಪುಗಳ ಸಾಲಿನೆದುರು ನಿಂತಿದ್ದೇನೆ.
ಕೋಟಿನ ಜೇಬಿನಲ್ಲಿ ಹೆಬ್ಬೆರಳುದ್ದದ ಪೆನ್‌ಡ್ರೈವ್,
ಕೈಯಲ್ಲಿ ಚೀಟಿ:
ವೈಫೈ ಯಾವ ಕುಲ, ಚಿತ್ರದ ಚಿಪ್ಪು ಯಾವ ಗೋತ್ರ,
ಬ್ಲೂಟೂತ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

"ಎಲ್ಲದಕ್ಕೂ ವಿಂಡೋಸ್ ಹಾಕಿದೆ, ಲವ್" ಎಂದರು ಸ್ಟಾಥರ್ಸ್.
ನನಗೆ ಬೇರೆಯದು ಬೇಕು ಎಂದೆ.
ಓಪನ್‌ಬಿಎಸ್‌ಡಿ. ಮುಳ್ಳು ಉಬ್ಬಿಸಿಕೊಂಡ ಮೀನು ಅದರ ಗುರುತು.
ಮೀನೆಂದ ಕೂಡಲೇ ಕನ್ನಡಕ ಹಣೆಗೇರಿತು.
ಹತ್ತು ವರ್ಷ ಟ್ರಾಲರಿನಲ್ಲಿ ರೇಡಿಯೋ ನೋಡಿಕೊಂಡ ಮನುಷ್ಯ:
"ಆ ಜಾತಿ ನಮ್ಮ ಬಲೆಗೆ ಬಿದ್ದದ್ದಿಲ್ಲವಲ್ಲ."

ಮೊದಲನೆಯವನು ಚೆಲುವ. ತೆಳ್ಳಗೆ, ಬೆಳ್ಳಗೆ, ಹೋದ ವರ್ಷದವನು.
ಪೆನ್‌ಡ್ರೈವ್ ಚುಚ್ಚಿದೆ.
ಎರಡು ಮಾತಾಡಿ ಮುಖ ಕಪ್ಪು ಮಾಡಿಕೊಂಡ.
ಅವನ ಚಿಪ್ಪಿನ ಕಂಪನಿ ಗುಟ್ಟು ಬಿಡದ ಮನೆತನ,
ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸುವ ಜನ.

ಎರಡನೆಯದು ಎಲ್ಲ ಸರಿ, ವೈಫೈ ಮಾತ್ರ ಕಿವುಡು.
"ಒಂದು ತಂತಿ ಎಳೆದುಕೊಂಡರಾಯಿತು."
ಎಳೆಯುವುದು ಎಲ್ಲಿಂದ? ನಾನಿರುವುದು ಅಟ್ಟದ ಕೋಣೆ,
ರೂಟರು ಕೆಳಗೆ ಮನೆಯೊಡತಿಯ ಅಡುಗೆಮನೆಯಲ್ಲಿ,
ನಡುವೆ ಮೂರು ಮೆಟ್ಟಿಲಸಾಲು
ಮತ್ತು ತಂತಿ ಕಂಡರಾಗದ ಒಂದು ನಾಯಿ.

ಮೂರನೆಯದನ್ನು ಬೀರುವಿನ ತಳದಿಂದ ಎಳೆದು ತಂದರು.
ಕಪ್ಪು ಥಿಂಕ್‌ಪ್ಯಾಡ್. ಎಫ್ ಕೀಲಿ ಉದುರಿದೆ.
ಬೆನ್ನಿಗೆ ಬಂದರು ಕಚೇರಿಯ ಚೀಟಿ, ಅರ್ಧ ಹರಿದದ್ದು.
ಎಬ್ಬಿಸಿದೆ.
ನೀಲಿಯ ಮೇಲೆ ಬಿಳಿ ಅಕ್ಷರ ಸುರಿಯತೊಡಗಿತು,
ಒಳಗಿನವರು ಒಬ್ಬೊಬ್ಬರೇ ಎದ್ದು ಹಾಜರಿ ಹೇಳಿದಂತೆ:
ಡಿಸ್ಕು, ಇದ್ದೇನೆ. ಕೀಲಿಮಣೆ, ಇದ್ದೇನೆ.
ವೈಫೈ, ಇಂಟೆಲ್ ಕಡೆಯವನು, ಇದ್ದೇನೆ.
ಸ್ಟಾಥರ್ಸ್ ಬಗ್ಗಿ ಓದಿದರು, ತುಟಿಯಲ್ಲಾಡಿಸುತ್ತ.
ಒಂದು ಸಾಲಿಗೆ ಬೆರಳಿಟ್ಟರು: ನಾಟ್ ಕಾನ್ಫಿಗರ್ಡ್.
"ಇದೇನು?"
ಯಾರೋ ಇದ್ದಾರೆ ಅಂತ ಗೊತ್ತು,
ಯಾರು ಅಂತ ಗೊತ್ತಿಲ್ಲ ಅನ್ನುತ್ತಿದೆ ಎಂದೆ.

ಅವರು ಬೆರಳು ತೆಗೆಯಲಿಲ್ಲ.
"ಐಸ್‌ಲ್ಯಾಂಡಿನಾಚೆ ಕೆಲವು ರಾತ್ರಿ
ಕಿವಿಗೆ ಒಂದು ದನಿ ಬರುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ.
ಪುಸ್ತಕದಲ್ಲಿ ಬರೆಯುತ್ತಿದ್ದೆ: ಹಡಗು, ಹೆಸರು ತಿಳಿಯದು.
ಕ್ಯಾಪ್ಟನ್ ಬೈಯುತ್ತಿದ್ದ, ಗೊತ್ತಿಲ್ಲದ್ದನ್ನು ಯಾಕೆ ಬರೀತೀಯ ಅಂತ."

ಆಮೇಲೆ, ಚಿಲ್ಲರೆ ಎಣಿಸುತ್ತ,
ಎಲ್ಲರೂ ಬಳಸುವುದನ್ನೇ ಬಳಸಿದರೆ ಸುಲಭವಲ್ಲವೇ ಎಂದರು.
ನಾನು ಕಿಟಕಿಯಾಚೆ ನೋಡಿದೆ.
ಇಡೀ ದೇಶಕ್ಕೆ ಕೆಂಪು ಫೋನ್‌ಗೂಡು,
ಈ ಊರಿಗೊಂದಕ್ಕೆ ಕೆನೆಬಣ್ಣದ್ದು,
ಊರಿಗೆ ಊರೇ ಫೋನಿನ ಕಂಪನಿ ನಡೆಸಿದ ಕಾಲದ ಹಟ.
ಅವರೂ ನೋಡಿದರು. ನಕ್ಕರು.
ನಲವತ್ತು ಪೌಂಡಿನಲ್ಲಿ ಐದು ಬಿಟ್ಟರು,
ಎಫ್ ಇಲ್ಲದ್ದಕ್ಕೆ.

ರಕ್ತದ ಸೀಸೆ ಎಣಿಸುವ ಪಾಳಿ ಮುಗಿಸಿ
ಬೆಳಗಿನ ಜಾವ ಅಟ್ಟದಲ್ಲಿ ಕೂತು
ಅಂಗಡಿಯಲ್ಲಿ ಮರೆತ ಒಂದು ಪರೀಕ್ಷೆ ಮಾಡಿದೆ.
ಮುಚ್ಚಳ ಮುಚ್ಚಿದೆ.
ಸಣ್ಣ ದೀಪ ಉಸಿರಾಡುತ್ತ ಉಳಿಯಿತು.
ಚಹಾ ಕುಡಿದೆ. ಲೋಟ ತೊಳೆದೆ.
ತೆರೆದೆ.

ಬರೆಯುತ್ತಿದ್ದ ಪದದ ನಡುವೆಯೇ
ಕರ್ಸರು ನಿಂತಿತ್ತು, ಮಿಟುಕುತ್ತ.