ರೆಕ್ಕಿ

ಹೇಳಿಕೆ ಬರೆದುಕೊಳ್ಳಲು ನನ್ನನ್ನು ಕರೆಸಿದ್ದರು.
ಠಾಣೆಯ ಬೆಂಚಿನ ಮೇಲೆ ಪುರ್ಸು ಹರಿಕಂತ್ರ,
ಎಪ್ಪತ್ತೊಂಬತ್ತು, ಒಂದು ಕಣ್ಣಿಗೆ ಪೊರೆ,
ತೊಡೆಯ ಮೇಲೆ ಮಡಿಸಿಟ್ಟ ಕೆಂಪು ಚೌಕ.

ಅರ್ಗಾದ ಬೇಲಿಯ ಹೊರಗೆ ನಿಂತು
ಮೂರು ಸಂಜೆ ಒಳಗೆ ನೋಡಿದನಂತೆ.
ನೌಕಾದಳದ ಹುಡುಗನದು ಒಂದೇ ಮಾತು:
"ರೆಕ್ಕಿ ಕರ್ ರಹಾ ಥಾ."
ಮುದುಕನಿಗೆ ಕೇಳಿದ್ದು ರೆಕ್ಕೆ.
"ರೆಕ್ಕೆ ಇದ್ದಿದ್ರೆ ಬೇಲಿ ಹೊರಗೆ
ಎಂತಕ್ಕೆ ನಿಲ್ತಿದ್ದೆ, ಸಾಯ್ಬ್ರೆ?"
ಫೌಜದಾರರು ನಕ್ಕರು. ನಾನು ಅದನ್ನು ಬರೆಯಲಿಲ್ಲ.

ಕಾಗದಕ್ಕೆ ಕನ್ನಡವೇ ಆಗಬೇಕು.
ಬೇಹು ಎಂದು ಬರೆದೆ. ಹೊಡೆದು ಹಾಕಿದೆ.
ಹಳೆಯ ಪದ. ದಂಡು ಹೊರಡುವ ಮುಂಚೆ
ಒಬ್ಬನೇ ಕತ್ತಲಲ್ಲಿ ಹೋಗಿ
ಕೆರೆಯಲ್ಲಿ ನೀರೆಷ್ಟು, ಕೋಟೆಯಲ್ಲಿ ದೀಪವೆಷ್ಟು
ಎಣಿಸಿ ಬರುವವನ ಪದ.
ಅದನ್ನು ಉಳಿಸಿದರೆ ಮುದುಕ ಇವತ್ತು ಮನೆಗೆ ಹೋಗುವುದಿಲ್ಲ.
ಪಹರೆಯವನು ಶ್ರೀಕಾಕುಳದವ, ಹೆಗಲ ಮೇಲಿಂದ ಇಣುಕಿ
"ನಮ್ಮಲ್ಲಿ ವೇಗು" ಅಂದ.
ತಮಿಳಿನವರಿಗೆ ವೇಯ್.
ಮೂರು ಸೀಮೆಯಲ್ಲಿ ವೇಷ ಬದಲಿಸಿ
ಎಲ್ಲೂ ಸಿಕ್ಕಿಬೀಳದ ಪದ.

ನಿನ್ನ ಕಸುಬು?
"ಮೀನು ನೋಡೂದು."
ಹಿಡಿಯುವುದಲ್ಲ, ನೋಡುವುದು.
ಈಗ ಕಾವಲು ಗೋಪುರ ಇರುವಲ್ಲಿ ಅವನ ಬಂಡೆ.
ರಂಪಣಿಯ ಕಾಲದಲ್ಲಿ ಅದರ ಮೇಲೆ ಕುಕ್ಕುರುಗಾಲಲ್ಲಿ ಕೂತು
ನೀರಿನ ಬಣ್ಣ ಓದುತ್ತಿದ್ದ.
ನೇರಳೆ ಕಲೆ ಮೂಡಿದರೆ ಬಂಗಡೆ,
ಹೊಳಪು ನಡುಗಿದರೆ ತಾರ್ಲೆ.
ಚೌಕ ಒಮ್ಮೆ ಬೀಸಿದರೆ ಗೋವೆಯ ಕಡೆ,
ಎರಡು ಸಲ ಬೀಸಿದರೆ ಅಂಕೋಲೆಯ ಕಡೆ.
ಕೆಳಗೆ ಅರವತ್ತು ಜನ ದೋಣಿಗೆ ಹೆಗಲು ಕೊಟ್ಟು
ಅವನ ಕೈಯನ್ನೇ ನೋಡುತ್ತ ನಿಂತಿರುತ್ತಿದ್ದರು.
ಒಮ್ಮೆ ಮೋಡದ ನೆರಳಿಗೆ ಬೀಸಿಬಿಟ್ಟ.
ಅರವತ್ತು ಮನೆಯಲ್ಲಿ ಆ ರಾತ್ರಿ ಬರೀ ಗಂಜಿ.
ಅದನ್ನೂ ಬರೆಸಿದ, ಯಾರೂ ಕೇಳದೆ.

ಮನೆಗೆ ಬಂದು ಮಗಳ ದಪ್ಪ ನಿಘಂಟು ತೆರೆದೆ.
ರೆಕ್ಕಿ ಒಂದು ಉದ್ದ ಇಂಗ್ಲಿಷ್ ಪದದ ಮೋಟು ಬಾಲ.
ಇಂಗ್ಲಿಷಿನವರಿಗೆ ಅದು ಫ್ರೆಂಚರಿಂದ ಬಂತು, ಯುದ್ಧದ ಸಾಮಾನಿನ ಜೊತೆ.
ಇನ್ನೂ ಕೆಳಗೆ, ಬೇರಿನ ಹತ್ತಿರ, ಸಣ್ಣ ಅಕ್ಷರದಲ್ಲಿ:
ಮತ್ತೆ ಅರಿಯುವುದು. ಗುರುತು ಹಿಡಿಯುವುದು.
ಹಗೆಯ ಮಾತೇ ಅಲ್ಲಿಲ್ಲ.

ಅಷ್ಟರಲ್ಲಿ ಹೆಬ್ಬೆಟ್ಟು ಒತ್ತಿ ಆಗಿತ್ತು.
ಹೇಳಿಕೆಯ ಕೊನೆ, ಅವನ ಬಾಯಲ್ಲಿ ಬಂದಂತೆ:
"ಬಂಡೆ ಅಲ್ಲೇ ಇತ್ತು. ನಂಗೆ ಗುರ್ತು ಸಿಕ್ತು.
ಅದಕ್ಕೆ ನನ್ನ ಗುರ್ತು ಸಿಕ್ತೋ ಇಲ್ವೋ
ಅಂತ ನೋಡೂಕೆ
ಮತ್ತೆರಡು ದಿನ ಬಂದೆ."